ಕೊನೆಯ ಮಾತು ಯಾರದು?

"ಬೈಬಲ್ ಒಂದೇ ಸಾಕು ಅಂತ ಹೇಳ್ತೀರಲ್ಲ ನೀವು ಪ್ರೊಟೆಸ್ಟೆಂಟರು, ಅದು ಬೈಬಲಿನಲ್ಲಿ ಎಲ್ಲಿ ಬರ್ದಿದೆ ಮಾರಾಯ?"

ಕೇಳಿದವರು ನನ್ನ ಅತ್ತಿಗೆ. ಕುಲಶೇಖರದ ಕೊಂಕಣಿ ಕಥೋಲಿಕ್ ಮನೆಯಿಂದ ನಮ್ಮ ಮನೆಗೆ ಬಂದವರು. ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನಿನ ಕಾಲದ ಕುಟುಂಬ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಮಂಗಳೂರಿನಲ್ಲಿ ಬೇರೆಯವರ ಕಣ್ಣಿಗೆ ನಾವೆಲ್ಲ ಒಂದೇ, ಕ್ರಿಶ್ಚಿಯನ್ನರು. ಆದರೆ ಸೆಪ್ಟೆಂಬರ್ 8ರ, ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ ಅವರ ತಾಯಿ ಮನೆಗೆ ಹೊಸ ತೆನೆ ಬರುವಾಗ ನಮ್ಮಲ್ಲಿ ಅದು ಮಾಮೂಲಿ ದಿನ. ಅವರ ಬೈಬಲಿನಲ್ಲಿ 73 ಪುಸ್ತಕಗಳು, ನಮ್ಮದರಲ್ಲಿ 66.

ಅತ್ತಿಗೆ ಕೆಣಕಲಿಕ್ಕೆ ಕೇಳಿದ್ದಲ್ಲ. ಅವರು ದಿನಾ ಬೆಳಿಗ್ಗೆ ಬೈಬಲ್ ಓದುವವರು, ನಮ್ಮ ಸಭೆಯ, ಅಂದರೆ ಚರ್ಚಿನ, ಎಷ್ಟೋ ಜನರಿಗಿಂತ ಜಾಸ್ತಿ. ಅಂಥವರಿಗೆ ಹಾರಿಕೆಯ ಉತ್ತರ ಕೊಡಬಾರದು ಎಂದು ನನಗೆ ಅನ್ನಿಸಿತು.

ಮೊದಲು ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳುತ್ತೇನೆ. "ಬೈಬಲ್ ಮಾತ್ರ ಸಾಕು" ಎನ್ನುವ ವಾಕ್ಯ ಬೈಬಲಿನಲ್ಲಿ ಇಲ್ಲ. ನಮ್ಮವರು ತಟ್ಟನೆ ತೆಗೆದು ತೋರಿಸುವುದು ತಿಮೊಥೆಯನಿಗೆ ಬರೆದ ಎರಡನೇ ಪತ್ರಿಕೆಯ 3ನೇ ಅಧ್ಯಾಯ. ಶಾಸ್ತ್ರವು ದೇವರ ಉಸಿರಿನಿಂದ ಬಂದದ್ದು, ಕಲಿಸುವುದಕ್ಕೂ ತಿದ್ದುವುದಕ್ಕೂ ತಕ್ಕದ್ದು, ಅದರಿಂದ ದೇವರ ಮನುಷ್ಯನು ಎಲ್ಲ ಒಳ್ಳೆಯ ಕೆಲಸಕ್ಕೆ ಸಜ್ಜಾಗುತ್ತಾನೆ ಎಂದು ಅಪೊಸ್ತಲ, ಅಂದರೆ ಯೇಸು ಕಳುಹಿಸಿದ ಪ್ರಚಾರಕ, ಪೌಲ ಅಲ್ಲಿ ಬರೆಯುತ್ತಾನೆ. ದೊಡ್ಡ ಮಾತೇ. ಆದರೆ ಪೌಲ ಅದನ್ನು ಬರೆದಾಗ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಒಂದು ಪುಸ್ತಕವಾಗಿ ಇರಲಿಲ್ಲ. ತಿಮೊಥೆಯನು ಚಿಕ್ಕಂದಿನಿಂದ ತಿಳಿದಿದ್ದ ಶಾಸ್ತ್ರ ಎಂದರೆ ಯೆಹೂದ್ಯರ ಗ್ರಂಥಗಳು. ಅಷ್ಟೇ ಅಲ್ಲ, ಅದೇ ಪೌಲ ಥೆಸಲೋನಿಕದವರಿಗೆ ಬರೆಯುವಾಗ, ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ನಮ್ಮಿಂದ ಕಲಿತದ್ದನ್ನು ಬಿಡದೆ ಹಿಡಿದುಕೊಳ್ಳಿರಿ ಎನ್ನುತ್ತಾನೆ. ಅತ್ತಿಗೆಗೆ ಆ ವಚನ ಬಾಯಿಪಾಠ. ಬಾಯಿಮಾತಿನ ಬೋಧನೆಯೂ ಬೋಧನೆಯೇ ಎನ್ನುವುದಕ್ಕೆ ಅವರಿಗೆ ಅದೇ ಆಧಾರ.

ಹಾಗಾದರೆ ನಾನು ಯಾಕೆ ಬೈಬಲಿಗೇ ಕೊನೆಯ ಮಾತು ಎಂದು ಹಿಡಿದುಕೊಂಡಿದ್ದೇನೆ?

ನನಗೆ ಅದು ಖಚಿತವಾದದ್ದು ಬೇರೆ ಎರಡು ಕಡೆಗಳಿಂದ. ಒಂದು, ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ. ಆ ಕಾಲದಲ್ಲಿ ಒಂದು ರೂಢಿ ಇತ್ತು. ಮಗ ತನ್ನ ಆಸ್ತಿಯನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು ಎಂದು ಹೇಳಿಬಿಟ್ಟರೆ ಆಯಿತು, ಮುಪ್ಪಿನ ತಂದೆ ತಾಯಿಯನ್ನು ಅದರಿಂದ ಸಾಕಬೇಕಾಗಿರಲಿಲ್ಲ. ಹಿರಿಯರಿಂದ ಬಂದ ಸಂಪ್ರದಾಯ, ಕೇಳುವುದಕ್ಕೆ ಭಕ್ತಿಯ ಮಾತು. ಯೇಸು ಅದನ್ನು ನೇರವಾಗಿ ಖಂಡಿಸುತ್ತಾನೆ. ನಿಮ್ಮ ಸಂಪ್ರದಾಯಕ್ಕಾಗಿ ದೇವರ ಮಾತನ್ನು ಮೂಲೆಗೆ ತಳ್ಳಿದ್ದೀರಿ ಎನ್ನುತ್ತಾನೆ. ಸಂಪ್ರದಾಯ ಎಲ್ಲ ಕೆಟ್ಟದ್ದು ಎಂದು ಯೇಸು ಹೇಳಲಿಲ್ಲ. ಅವನೇ ಹಬ್ಬಗಳಿಗೆ ಹೋದವನು, ಸಭಾಮಂದಿರದಲ್ಲಿ ಕುಳಿತವನು. ಆದರೆ ಎರಡೂ ಎದುರುಬದುರಾದಾಗ ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದರಲ್ಲಿ ಅವನಿಗೆ ಗೊಂದಲವೇ ಇರಲಿಲ್ಲ.

ಇನ್ನೊಂದು, ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ. ಥೆಸಲೋನಿಕದಲ್ಲಿ ಗಲಾಟೆಯಾಗಿ ಪೌಲ ಮತ್ತು ಸೀಲ ರಾತ್ರಿಯೇ ಹೊರಟು ಬೆರೋಯಕ್ಕೆ ಬರುತ್ತಾರೆ. ಅಲ್ಲಿಯ ಯೆಹೂದ್ಯರು ಪೌಲನ ಮಾತನ್ನು ಆಸಕ್ತಿಯಿಂದ ಕೇಳಿದರು. ಕೇಳಿ ಸುಮ್ನೆ ತಲೆಯಾಡಿಸಲಿಲ್ಲ. ಇವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾ ಶಾಸ್ತ್ರ ತೆಗೆದು ನೋಡಿದರು. ಇದನ್ನು ಬರೆದ ಲೂಕ ಅವರನ್ನು ಉದ್ಧಟರು ಎನ್ನುವುದಿಲ್ಲ, ಹೊಗಳುತ್ತಾನೆ. ಸ್ವತಃ ಅಪೊಸ್ತಲನ ಪ್ರಸಂಗವನ್ನೇ, ಅಂದರೆ ಬೋಧನೆಯ ಮಾತನ್ನೇ, ಶಾಸ್ತ್ರದ ಮುಂದೆ ಇಟ್ಟು ನೋಡಬಹುದಾದರೆ, ಬಿಷಪರ ಪ್ರಸಂಗ, ಸಭಾಪಾಲಕರ ಪ್ರಸಂಗ, ಕಿಟೆಲರ ಕಾಲದ ಮಿಶನರಿಗಳ ಪ್ರಸಂಗ ಯಾವುದೂ ಅದಕ್ಕೆ ಹೊರತಲ್ಲ.

ಥೆಸಲೋನಿಕದವರು ಪೌಲನ ದನಿಯನ್ನು ಕಿವಿಯಾರೆ ಕೇಳಿದ್ದರು. ಅವನ ಬಾಯಿಮಾತು ಅವರಿಗೆ ಪತ್ರದಷ್ಟೇ ಖಾತ್ರಿಯಾಗಿತ್ತು. ನಮಗೆ ಆ ಭಾಗ್ಯ ಇಲ್ಲ. ಅವನು ಅಲ್ಲಿ ಪತ್ರದಲ್ಲಿ ಬರೆಯದೆ ಏನೇನು ಹೇಳಿದ ಎಂದು ಇವತ್ತು ಯಾರು ಕೇಳಿ ಬಂದು ಹೇಳುತ್ತಾರೆ? ಅಪೊಸ್ತಲರು ಹೋದರು. ಅವರ ಮಾತಿನಲ್ಲಿ ನಮ್ಮ ಕೈಗೆ ಸಿಕ್ಕಿ, ನಾವೆಲ್ಲರೂ ತೆರೆದು ನೋಡಬಹುದಾದದ್ದು ಬರಹದಲ್ಲಿ ಉಳಿದದ್ದು. ನಾನು ಬೈಬಲನ್ನು ಹಿಡಿದುಕೊಳ್ಳುವುದು ಅಪೊಸ್ತಲರನ್ನು ಹಿಡಿದುಕೊಳ್ಳಲಿಕ್ಕೇ.

ಇಷ್ಟು ಹೇಳಿದಾಗ ಅತ್ತಿಗೆ ಮುಂದಿನ ಪ್ರಶ್ನೆ ತಂದರು. "ಯಾವ ಪುಸ್ತಕ ಬೈಬಲಿನಲ್ಲಿ ಇರಬೇಕು ಅಂತ ತೀರ್ಮಾನ ಮಾಡಿದ್ದು ಸಭೆಯೇ ಅಲ್ವಾ?"

ಈ ಪ್ರಶ್ನೆಗೆ ತೂಕ ಇದೆ. ಇವತ್ತಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ ಸಿಗುತ್ತದೆ. ಆಮೇಲೆ ಉತ್ತರ ಆಫ್ರಿಕದಲ್ಲಿ, 393ರಲ್ಲಿ ಹಿಪ್ಪೋದಲ್ಲಿ, 397ರಲ್ಲಿ ಕಾರ್ತೇಜಿನಲ್ಲಿ ಸೇರಿದ ಬಿಷಪರ ಸಭೆಗಳು ಪಟ್ಟಿಯನ್ನು ಒಪ್ಪಿಕೊಂಡವು. ಆ ಮನುಷ್ಯರಿಲ್ಲದೆ, ಹಸ್ತಪ್ರತಿಗಳನ್ನು ನಕಲು ಮಾಡುತ್ತಾ ಕೂತ ಸನ್ಯಾಸಿಗಳಿಲ್ಲದೆ ನನ್ನ ಮೇಜಿನ ಮೇಲೆ ಸತ್ಯವೇದ, ಅಂದರೆ ನಮ್ಮ ಕನ್ನಡ ಬೈಬಲ್, ಇರುತ್ತಿರಲಿಲ್ಲ. ಈ ಋಣವನ್ನು ನಮ್ಮವರು ಬಾಯಿಬಿಟ್ಟು ಹೇಳುವುದು ಕಡಿಮೆ. ಹೇಳಬೇಕು.

ಆದರೆ ಗುರುತಿಸುವುದು ಬೇರೆ, ಅಧಿಕಾರ ಕೊಡುವುದು ಬೇರೆ. ಮಾರ್ಕೆಟಿನಲ್ಲಿ ಹೂ ಕೊಳ್ಳುವ ಹೆಂಗಸರು ಶಂಕರಪುರದ ಮಲ್ಲಿಗೆ ಯಾವುದು, ಬೇರೆ ಊರಿನದು ಯಾವುದು ಎಂದು ಮೂಸಿಯೇ ಹೇಳುತ್ತಾರೆ. ಹೂವಿಗೆ ಪರಿಮಳ ಬಂದದ್ದು ಅವರು ಹೇಳಿದ್ದರಿಂದ ಅಲ್ಲ. ಪೌಲನ ಪತ್ರಗಳನ್ನು, ಸುವಾರ್ತೆಗಳನ್ನು ಸಭೆಗಳು ಅಥನಾಸಿಯಸನಿಗಿಂತ ಎಷ್ಟೋ ಮೊದಲೇ ಆರಾಧನೆಯಲ್ಲಿ ಓದುತ್ತಿದ್ದವು, ಅವುಗಳಿಗೆ ತಲೆಬಾಗುತ್ತಿದ್ದವು. ಪಟ್ಟಿ ಆಮೇಲೆ ಬಂತು. ಅತ್ತಿಗೆಗೆ ಈ ಮಾತು ಪೂರ್ತಿ ಹಿಡಿಸಲಿಲ್ಲ. ಮೂಗು ಇಲ್ಲದಿದ್ದರೆ ಪರಿಮಳ ಯಾರಿಗೆ ತಿಳೀತಿತ್ತು ಎಂದರು. ಅದೂ ಸರಿಯೇ. ಸಭೆ ಬೇಡ, ಪುಸ್ತಕ ಒಂದೇ ಸಾಕು ಎಂದು ನಾನು ಹೇಳಿದ್ದರೆ ಅಲ್ಲಿಗೆ ಸೋಲುತ್ತಿದ್ದೆ. ನಾನು ಹೇಳುವುದು ಅದಲ್ಲ.

ಇಲ್ಲಿ ನಮ್ಮವರಲ್ಲೇ ಬಹಳ ಗೊಂದಲ ಇದೆ. 1521ರ ಏಪ್ರಿಲಿನಲ್ಲಿ ಜರ್ಮನಿಯ ವೋರ್ಮ್ಸ್ ನಗರದಲ್ಲಿ, ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಚಕ್ರವರ್ತಿಯ ಮುಂದೆ ನಿಂತ. ಪೋಪರೂ ಧರ್ಮಸಭೆಗಳೂ ಎಷ್ಟೋ ಸಲ ತಪ್ಪಿವೆ, ಶಾಸ್ತ್ರದಿಂದ ಅಥವಾ ಸ್ಪಷ್ಟವಾದ ತರ್ಕದಿಂದ ತೋರಿಸದ ಹೊರತು ನಾನು ಬರೆದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ ಎಂದ. ಅವನು ಸಭೆಯನ್ನೇ ತಳ್ಳಿಹಾಕಲಿಲ್ಲ. ಸಭೆ ಒಟ್ಟಾಗಿ ಹೇಳುವ ನಂಬಿಕೆಯ ಪ್ರಮಾಣಗಳನ್ನು ಉಳಿಸಿಕೊಂಡ, ಹಳೆಯ ಸಭಾಪಿತೃಗಳನ್ನು ಓದಿದ, ಉದಾಹರಿಸಿದ. ಅವನ ತಕರಾರು ಒಂದೇ: ತಪ್ಪು ಮಾಡಬಲ್ಲವರನ್ನು ತಪ್ಪೇ ಮಾಡದವರ ಜಾಗದಲ್ಲಿ ಕೂರಿಸಬೇಡಿ. 1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಇದಕ್ಕೆ ಉತ್ತರವಾಗಿ, ಶಾಸ್ತ್ರವನ್ನೂ ಅಪೊಸ್ತಲರಿಂದ ಬಂದ ಸಂಪ್ರದಾಯವನ್ನೂ ಸಮಾನ ಭಕ್ತಿಯಿಂದ ಸ್ವೀಕರಿಸುತ್ತೇವೆ ಎಂದು ನಿರ್ಣಯಿಸಿತು. ದಾರಿ ಅಲ್ಲಿ ಬೇರೆಯಾಯಿತು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಸಭೆಯ ಬೋಧನಾಧಿಕಾರ ದೇವರ ವಾಕ್ಯದ ಮೇಲೆ ಇಲ್ಲ, ಅದರ ಸೇವೆಯಲ್ಲಿದೆ ಎಂದು ಹೇಳಿತು. ಅದನ್ನು ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ನಮ್ಮ ನಡುವಿನ ದೂರ ಪೂರ್ತಿ ಹೋಗಿಲ್ಲ. ಆದರೂ ಅತ್ತಿಗೆಯ ಕೈಯಲ್ಲಿ ಇವತ್ತು ಬೈಬಲ್ ಇರುವುದರಲ್ಲಿ ಆ ಮಹಾಸಭೆಯ ಪಾಲು ದೊಡ್ಡದು.

ನಮ್ಮ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಸಂವಿಧಾನದಲ್ಲಿಯೂ ಇದೇ ತಿಳುವಳಿಕೆ ಇದೆ. ರಕ್ಷಣೆಗೆ ಬೇಕಾದದ್ದೆಲ್ಲ ಶಾಸ್ತ್ರದಲ್ಲಿದೆ, ನಂಬಿಕೆಯ ವಿಷಯದಲ್ಲಿ ಅದೇ ಅತ್ಯುನ್ನತವೂ ನಿರ್ಣಾಯಕವೂ ಆದ ಅಳತೆ ಎಂದು ಅದು ಹೇಳುತ್ತದೆ. ಹಾಗೆಯೇ ಅಪೊಸ್ತಲರ ವಿಶ್ವಾಸಪ್ರಮಾಣವನ್ನೂ ನೈಸೀಯ ವಿಶ್ವಾಸಪ್ರಮಾಣವನ್ನೂ ಆ ನಂಬಿಕೆಗೆ ಸಾಕ್ಷಿ ಎಂದು ಒಪ್ಪಿಕೊಳ್ಳುತ್ತದೆ. ಸಾಕ್ಷಿಗಳು ಬೇಕು. ತೀರ್ಪು ಕೊಡುವ ಜಾಗದಲ್ಲಿ ಮಾತ್ರ ಬೈಬಲ್.

ಈ ನಂಬಿಕೆ ಕಾಗದದ ಮೇಲೆ ಉಳಿಯುವಂಥದ್ದಲ್ಲ. ಕೊನೆಯ ಮಾತು ಪುಸ್ತಕದ್ದು ಎಂದಾದರೆ ಆ ಪುಸ್ತಕ ಎಲ್ಲರ ಕೈಗೂ ಬರಬೇಕು, ಅವರವರ ಭಾಷೆಯಲ್ಲಿ. ಬಂದರೆ ಸಾಲದು, ಓದಲು ಬರಬೇಕು. ನನಗೆ ಇತಿಹಾಸದ ಒಂದು ಎಳೆ ಬಹಳ ಇಷ್ಟ. ವಿದ್ವಾಂಸ ಎರಾಸ್ಮಸ್ ಸಿದ್ಧಪಡಿಸಿದ ಗ್ರೀಕ್ ಹೊಸ ಒಡಂಬಡಿಕೆ 1516ರಲ್ಲಿ ಅಚ್ಚಾದದ್ದು ಬಾಸೆಲ್ ನಗರದಲ್ಲಿ. ಅದರ ಎರಡನೇ ಮುದ್ರಣವನ್ನು ಇಟ್ಟುಕೊಂಡು ಲೂಥರ್ ಜರ್ಮನ್ ಭಾಷೆಗೆ ತಂದ ಹೊಸ ಒಡಂಬಡಿಕೆ 1522ರಲ್ಲಿ ಬಂತು. ಅದೇ ಬಾಸೆಲಿನಲ್ಲಿ 1815ರಲ್ಲಿ ಒಂದು ಮಿಶನ್ ಹುಟ್ಟಿತು. 1834ರಲ್ಲಿ ಅದರ ಮೂವರು, ಹೆಬಿಕ್, ಲೆನರ್, ಗ್ರೈನರ್, ಮಂಗಳೂರಿಗೆ ಬಂದರು. 1841ರಲ್ಲಿ ಇಲ್ಲಿ ಅವರ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಕನ್ನಡದಲ್ಲಿ ಬಳ್ಳಾರಿಯ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಅದಕ್ಕೂ ಮೊದಲೇ ಕೆಲಸ ಮಾಡಿದ್ದರು. ಅದನ್ನು ತಿದ್ದಿ ಹೊಸತಾಗಿಸುವುದರಲ್ಲಿ ಬಾಸೆಲಿನ ವೈಗ್ಲೆಯಂಥವರು ಬೆವರು ಸುರಿಸಿದರು. ಶಾಲೆಗಳು ಬಂದವು, ಹೆಣ್ಣುಮಕ್ಕಳಿಗೂ ಬಂದವು. 1894ರಲ್ಲಿ ಕಿಟೆಲರ ನಿಘಂಟು ಇಲ್ಲೇ ಬೆಳಕು ಕಂಡಿತು. ಈ ಅಕ್ಷರದ ಕೆಲಸದ ಹಿಂದೆ ಬೇರೆ ಕಾರಣಗಳೂ ಇದ್ದವು. ಆದರೆ ಓದಲು ಬರುವ ಸಭೆ ಬೇಕು ಎನ್ನುವ ಹಟ ಅದರ ಬೇರಿನಲ್ಲಿತ್ತು ಎಂದು ನಾನು ನಂಬುತ್ತೇನೆ. ನನ್ನ ಅಜ್ಜಿ ಮಿಶನ್ ಶಾಲೆಯಲ್ಲಿ ಕಲಿತವರು. ಪಾದ್ರಿಯವರು ತಪ್ಪು ವಚನ ಹೇಳಿದರೆ ಆರಾಧನೆ ಮುಗಿದ ಮೇಲೆ ಹತ್ತಿರ ಹೋಗಿ, "ಅಯ್ಯಾ, ಅದು ಯೆಶಾಯನಲ್ಲ, ಯೆರೆಮೀಯ" ಎಂದು ವಿನಯವಾಗಿ ಹೇಳುತ್ತಿದ್ದರು. ಪಾದ್ರಿಯವರು ಒಪ್ಪಿಕೊಳ್ಳುತ್ತಿದ್ದರು. ಹೆಚ್ಚು ಓದದ ಒಬ್ಬ ತುಳು ಹೆಂಗಸಿಗೆ ಆ ಧೈರ್ಯ ಕೊಟ್ಟದ್ದು ಕೈಯಲ್ಲಿದ್ದ ಪುಸ್ತಕ.

ಕಷ್ಟ ಇಲ್ಲವೇ? ಇದೆ. ಎಲ್ಲರೂ ಓದುತ್ತಾರೆ, ಎಲ್ಲರಿಗೂ ಒಂದೇ ಅರ್ಥ ಸಿಗುವುದಿಲ್ಲ. 1529ರ ಅಕ್ಟೋಬರಿನಲ್ಲಿ ಮಾರ್ಬುರ್ಗಿನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಎದುರುಬದುರು ಕುಳಿತರು. ಇಬ್ಬರಿಗೂ ಶಾಸ್ತ್ರವೇ ಕೊನೆಯ ಮಾತು. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿದರು. ಕೊನೆಯದು ಕರ್ತನ ಭೋಜನ. "ಇದು ನನ್ನ ದೇಹ" ಎನ್ನುವ ಮಾತಿನ ಅರ್ಥದಲ್ಲಿ ಇಬ್ಬರೂ ಬೇರೆಯಾದರು. ಲೂಥರ್ ಆ ಮಾತನ್ನು ಸೀಮೆಸುಣ್ಣದಿಂದ ಮೇಜಿನ ಮೇಲೇ ಬರೆದಿಟ್ಟುಕೊಂಡಿದ್ದನಂತೆ. ಒಂದೇ ಪುಸ್ತಕ ಹಿಡಿದವರು ಎರಡಾದದ್ದನ್ನು ನೋಡಿ ಕಥೋಲಿಕರು, ನೋಡಿ, ಅರ್ಥ ಹೇಳುವವರು ಒಬ್ಬರು ಬೇಡವೇ ಎಂದು ಕೇಳಿದರೆ ನಾನು ಸಿಟ್ಟಾಗುವುದಿಲ್ಲ. ನನಗೂ ಅದು ನೋವಿನ ಸಂಗತಿ.

ಆದರೆ ಮುಂದಿನ ಕಥೆಯನ್ನೂ ಹೇಳಬೇಕು. ಬಾಸೆಲ್ ಮಿಶನಿನಲ್ಲಿ ವುರ್ಟೆಂಬರ್ಗಿನ ಲೂಥರನ್ನರೂ ಇದ್ದರು, ಸ್ವಿಸ್ ರಿಫಾರ್ಮ್ಡ್ ಸಭೆಯವರೂ ಇದ್ದರು. ಮಾರ್ಬುರ್ಗಿನಲ್ಲಿ ಭೋಜನದ ವಿಷಯಕ್ಕೆ ಒಪ್ಪದೆ ಎದ್ದುಹೋದವರ ಮೊಮ್ಮಕ್ಕಳ ಮೊಮ್ಮಕ್ಕಳು ಮಂಗಳೂರಿನ ಒಂದೇ ಬಲ್ಮಠದ ಗುಡ್ಡದ ಮೇಲೆ ಒಟ್ಟಿಗೆ ಓದಿದರು, ಒಟ್ಟಿಗೆ ದುಡಿದರು. 1968ರಲ್ಲಿ ನಮ್ಮ ಕರಾವಳಿಯ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಯನ್ನು ಸೇರಿದವು. ಹಾಗಾಗಿ ಬಿಷಪರಿಲ್ಲದ ಸಭೆಗೆ ಬಿಷಪರು ಬಂದರು. ಭಿನ್ನಾಭಿಪ್ರಾಯ ಬಂದಾಗ ಬೇಕಾದದ್ದು ಇನ್ನೂ ಹತ್ತಿರ ಕೂತು, ಭಾಷೆ ಬಲ್ಲವರನ್ನು ಕೇಳಿ, ಹಿಂದಿನವರು ಏನು ಹೇಳಿದ್ದಾರೆ ಎಂದು ನೋಡಿ, ಮತ್ತೆ ಓದುವುದು. ಒಬ್ಬನೇ ಕೋಣೆಯಲ್ಲಿ ಕೂತು, ನನಗೆ ಹೊಳೆದದ್ದೇ ದೇವರ ಮಾತು ಎನ್ನುವವನು ಪೋಪರನ್ನು ತೆಗೆದು ಆ ಕುರ್ಚಿಯಲ್ಲಿ ತಾನೇ ಕೂತಿದ್ದಾನೆ.

ಇದು ದೂರದ ಮಾತಲ್ಲ. ನಗರದಲ್ಲೂ ಹೊರವಲಯದಲ್ಲೂ ಬಾಡಿಗೆ ಹಾಲುಗಳಲ್ಲಿ ಹೊಸ ಪ್ರಾರ್ಥನಾ ಕೂಟಗಳಿವೆ. ಹಲವು ಕಡೆ ಒಳ್ಳೆಯ ಜನ, ಪ್ರಾಮಾಣಿಕ ಸೇವೆ. ಆದರೆ ನನ್ನ ಪರಿಚಯದ ಒಂದು ಕುಟುಂಬಕ್ಕೆ ಅವರ ಪಾಸ್ಟರ್, ಮನೆ ಮಾರಬೇಕೋ ಬೇಡವೋ ಎನ್ನುವುದನ್ನೂ "ದೇವರು ನನಗೆ ತೋರಿಸಿದರು" ಎಂದು ಹೇಳುತ್ತಿದ್ದರು. ಆ ಮನೆಯವರು ಹೆದರಿ ಮರುಮಾತಾಡುತ್ತಿರಲಿಲ್ಲ. ಇಂಥ ಕಡೆ ವೇದಿಕೆಯ ಮೇಲೆ ಬೈಬಲ್ ದೊಡ್ಡದಾಗಿಯೇ ಇರುತ್ತದೆ. ಕೊನೆಯ ಮಾತು ಮಾತ್ರ ಮೈಕ್ ಹಿಡಿದವರದು. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರಿ ಎಂದು ಪೌಲ ಬರೆದದ್ದು ಅದೇ ಥೆಸಲೋನಿಕದವರಿಗೆ. ಆ ಪಾಸ್ಟರ್ ಅದರ ಮೇಲೆ ಒಂದು ಪ್ರಸಂಗ ಮಾಡಿದರೆ ಆ ಕುಟುಂಬಕ್ಕೆ ಬಿಡುಗಡೆ ಸಿಗುತ್ತಿತ್ತು.

ಇನ್ನು ನಮ್ಮ ಸ್ವಂತ ಮನೆಯ ಮಾತು. ಬಾಸೆಲ್ ಮಿಶನ್ ಸೇರಿದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಮೂರ್ತೆ ಕಸುಬಿನವರು ಕಳ್ಳು ಇಳಿಸುವುದನ್ನು ಬಿಡಬೇಕೆಂದು ಮಿಶನ್ ಹೇಳಿತು. ಹೊಟ್ಟೆಪಾಡಿಗೆ ನೇಯ್ಗೆ, ಜೆಪ್ಪುವಿನಲ್ಲಿ 1865ರಿಂದ ಹಂಚಿನ ಕಾರ್ಖಾನೆ. ಆ ನಿಯಮದಿಂದ ಎಷ್ಟೋ ಮನೆಗಳು ಕುಡಿತದಿಂದ ಉಳಿದವು, ನಮ್ಮದೂ ಅದರಲ್ಲಿ ಒಂದು. ನಾನು ಅದಕ್ಕೆ ಕೃತಜ್ಞ. ಆದರೂ ಕೇಳಲೇಬೇಕು: ಇದು ಬೈಬಲಿನ ನಿಯಮವೋ, ಮಿಶನಿನದೋ? ಬೈಬಲ್ ಕುಡಿದು ಮತ್ತರಾಗಬೇಡಿ ಎನ್ನುತ್ತದೆ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ್ದನ್ನೂ ಅದೇ ಬೈಬಲ್ ಹೇಳುತ್ತದೆ. ಮರ ಹತ್ತುವ ಕಸುಬೇ ಪಾಪ ಎಂದು ಎಲ್ಲೂ ಇಲ್ಲ. ಹಾಗಾದರೆ ಇದು ಆ ಕಾಲದ, ಆ ಊರಿನ ಒಂದು ತೀರ್ಮಾನ. ಒಳ್ಳೆಯ ತೀರ್ಮಾನವೇ ಇರಬಹುದು. ಆದರೆ ಇಂದಿಗೂ ಮೂರ್ತೆಯ ಮನೆಯಿಂದ ಬಂದವರನ್ನು ಸಭೆಯಲ್ಲಿ ಕೆಲವರು ಓರೆಗಣ್ಣಿನಿಂದ ನೋಡುತ್ತಾರಲ್ಲ, ಅದನ್ನು ದೇವರ ಹೆಸರಿನಲ್ಲಿ ಮಾಡಲು ಅವರಿಗೆ ಅಧಿಕಾರ ಇಲ್ಲ. ದೇವರು ಹೇಳದ ಹೊರೆಯನ್ನು ದೇವರದ್ದೆಂದು ಇನ್ನೊಬ್ಬರ ಹೆಗಲಿಗೆ ಏರಿಸಬಾರದು. ಈ ಬೋಧನೆಯಲ್ಲಿ ನನಗೆ ಅತಿ ಹೆಚ್ಚು ಪ್ರಿಯವಾದದ್ದು ಇದೇ. ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ರೋಸ್ ಮಾಡಬಹುದೇ, ಮದುಮಗಳು ಸೀರೆ ಉಡಬೇಕೋ ಗೌನ್ ತೊಡಬೇಕೋ, ಮೊಂತಿ ಫೆಸ್ತಿನ ಊಟಕ್ಕೆ ಹೋಗಬಹುದೇ ಎಂದೆಲ್ಲ ಮಕ್ಕಳು ಕೇಳುತ್ತಾರೆ. ಬೈಬಲ್ ಮಾಡು ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಮನಸ್ಸಾಕ್ಷಿಗೆ ಬಿಡಿ.

ಬೈಬಲ್ ಬಾಯಿಬಿಟ್ಟು ಹೇಳಿದ ಕಡೆ ಮಾತ್ರ ನಾವು ಕಿವುಡರಾಗುತ್ತೇವೆ. ನಮ್ಮಲ್ಲಿ ಮದುವೆ ಮಾತುಕತೆ ಶುರುವಾದರೆ ಸಾಕು, ಯಾರಾದರೊಬ್ಬರು ದನಿ ತಗ್ಗಿಸಿ ಕೇಳುತ್ತಾರೆ: "ಅವರ ಮೂಲ ಎಂತ?" ಸಭೆ ಸೇರಿ ನಾಲ್ಕೈದು ತಲೆಮಾರು ಕಳೆದರೂ ಆ ಪ್ರಶ್ನೆ ಸತ್ತಿಲ್ಲ. ಹಿರಿಯರನ್ನು ಕೇಳಿದರೆ, ಅದು ಮೊದಲಿಂದ ನಡೆದು ಬಂದದ್ದು ಎನ್ನುತ್ತಾರೆ. ಕಥೋಲಿಕರಿಗೆ "ಸಂಪ್ರದಾಯ ಸಾಲದು, ವಚನ ತೋರಿಸಿ" ಎನ್ನುವವರು ನಾವು. ನಮ್ಮ ಮಗಳ ಸಂಬಂಧದ ಮಾತು ಬಂದಾಗ ಸಂಪ್ರದಾಯವೇ ಸಾಕಾಗುತ್ತದೆ. ಇದು ನನಗೆ ಸಹಿಸಲು ಆಗುವುದಿಲ್ಲ. ಜಾತಿ ಬಿಟ್ಟು ಬನ್ನಿ ಎಂದು ಮಿಶನರಿಗಳು ಹಟ ಹಿಡಿದ ಊರು ಇದು. ಆ ಹಟಕ್ಕೆ ಮಾತ್ರ ಪೂರ್ತಿ ಬೈಬಲಿನ ಬೆಂಬಲ ಇತ್ತು.

ಈ ಸಲ ನಮ್ಮ ವೇದಪಾಠದ ಕೂಟದಲ್ಲಿ ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ತೆಗೆದೆವು. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಊಟ ಮಾಡುತ್ತಿದ್ದ. ಯಾಕೋಬನ ಕಡೆಯವರು ಬಂದಾಗ ಹೆದರಿ ಪಂಕ್ತಿ ಬಿಟ್ಟು ಹಿಂದೆ ಸರಿದ. ಪೌಲ ಎಲ್ಲರ ಮುಂದೆ, ಮುಖಕ್ಕೆ ಮುಖ ಕೊಟ್ಟು ಅವನನ್ನು ಖಂಡಿಸಿದ. ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಎಂದ. ಓದಿ ಮುಗಿದಾಗ ಹಿರಿಯರೊಬ್ಬರು, "ಇದು ಊಟದ ವಿಷಯ, ಮದುವೆಯದ್ದಲ್ಲ" ಎಂದರು. ಒಟ್ಟಿಗೆ ಉಣ್ಣಬಹುದಾದವರ ಮನೆಗೆ ಹೆಣ್ಣು ಕೊಡಬಾರದು ಎಂದು ಯಾವ ವಚನ ಹೇಳುತ್ತದೆ ಎಂದು ನಾನು ಕೇಳಿದೆ. ಅವರು ಹುಡುಕಿ ತರುತ್ತೇನೆ ಎಂದಿದ್ದಾರೆ. ತರಲಿ, ಒಟ್ಟಿಗೇ ಓದೋಣ. ಅದೇ ಕೂಟದಲ್ಲಿ ಇನ್ನೊಬ್ಬರು ಎದ್ದು ನಿಂತು, ತಮ್ಮ ಮಗನಿಗೆ ನೋಡುತ್ತಿರುವ ಸಂಬಂಧದಲ್ಲಿ ಮೂಲದ ಪ್ರಶ್ನೆಯನ್ನು ಇನ್ನು ಕೇಳುವುದಿಲ್ಲ, ಬೇರೆಯವರು ಕೇಳಿದರೆ ಉತ್ತರ ಕೊಡುವುದೂ ಇಲ್ಲ ಎಂದರು. ಅವರ ಹೆಂಡತಿ ಪಕ್ಕದಲ್ಲೇ ಇದ್ದರು. ತಿಂಗಳುಗಳಿಂದ ಇದನ್ನೇ ಹೇಳುತ್ತಿದ್ದವರು ಅವರು.